ಸ್ಪ್ರಿಂಗು ಅಕ್ಕನದು, ಅಲಗು ತಮ್ಮನದು

ಅವಳಿಗಿಂತ ಹಿರಿಯರು, ಹಲ್ಲು ಬಿದ್ದವರು ಕೂಡ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ತಪ್ಪು ಅವಳ ತಮ್ಮನದು. ಬೆಳಗಿನಿಂದ ಸಂಜೆವರೆಗೆ "ಅಕ್ಕಾ, ಅರ ಎಲ್ಲಿ?", "ಅಕ್ಕಾ, ಟೀ ಆಯ್ತಾ?", "ಅಕ್ಕಾ, ಇದನ್ನ ನೋಡು" ಅಂತ ಅವನು ಕೂಗಿ ಕೂಗಿ ಇಡೀ ಬೀದಿಗೆ ಆ ಹೆಸರು ಅಂಟಿಕೊಂಡುಬಿಟ್ಟಿತ್ತು. ಅಂಚೆಯವನು, ಹಾಲಿನವನು, ಎದುರುಮನೆಯ ನಿವೃತ್ತ ಮೇಷ್ಟ್ರು, ಎಲ್ಲರಿಗೂ ಅವಳು ಅಕ್ಕನೇ.

ಅವರದು ಮಡಚುವ ಚಾಕು ಮಾಡುವ ಅಂಗಡಿ. ಪಕ್ಕದ್ದು ನನ್ನ ಬೈಂಡಿಂಗ್ ಅಂಗಡಿ. ನಡುವೆ ಇದ್ದ ಗೋಡೆ ಹೆಸರಿಗೆ ಮಾತ್ರ ಗೋಡೆ. ಅಲ್ಲಿ ತಮ್ಮ ಸುತ್ತಿಗೆ ಎತ್ತಿ ಹೊಡೆದರೆ ಇಲ್ಲಿ ನನ್ನ ಗೋಂದಿನ ಡಬ್ಬಿ ಕುಣಿಯುತ್ತಿತ್ತು. ಅವಳು ನನ್ನನ್ನು ಕರೆಯುತ್ತಿದ್ದದ್ದೇ "ಗೋಂದು" ಅಂತ. "ಏನೇ ಗೋಂದು, ಇವತ್ತು ಯಾರನ್ನ ಯಾರಿಗೆ ಅಂಟಿಸಿದೆ?" ಅಂತ ಬೆಳಗ್ಗೆ ಬಾಗಿಲಿಂದಲೇ ತಮಾಷೆ ಶುರು.

ಅವರ ಅಂಗಡಿ ಅಂದರೆ ಒಂದೇ ಕೋಣೆ. ಹಿಂದುಗಡೆ ತಗಡಿನ ಮಾಡಿನ ಕೆಳಗೆ ಕುಲುಮೆ, ಸಾಣೆಚಕ್ರ. ಅದು ತಮ್ಮನ ಜಾಗ. ಮುಂದೆ, ಬೀದಿಯ ಬೆಳಕು ಬೀಳುವ ಕಿಟಕಿಯ ಹತ್ತಿರ ಉದ್ದನೆಯ ಮರದ ಮೇಜು, ಅದರ ಅಂಚಿಗೆ ಬಿಗಿದ, ಲೋಹವನ್ನು ಕಚ್ಚಿ ಹಿಡಿಯುವ ಸಣ್ಣ ವೈಸ್, ಚಪ್ಪಟೆ ಅರ, ದುಂಡರ, ಹಿತ್ತಾಳೆ ತಗಡು, ಹಿಡಿ ಬಿಗಿಯುವ ರಿವೆಟ್ ತಂತಿ. ಅದು ಅಕ್ಕನ ಜಾಗ. ಕೆಲಸವನ್ನು ಹೀಗೆ ಹಂಚಿ ಹೋದವನು ಅವರ ಅಪ್ಪ. ಮಗನಿಗೆ ಅಲಗು ಕಲಿಸಿದ. ಮಗಳಿಗೆ ಸ್ಪ್ರಿಂಗು, ಹಿಡಿ, ಜೋಡಣೆ ಕಲಿಸಿದ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಕಂತಲೇ ಕಲಿಸಲಿಲ್ಲ. ತಾಯಿ ಬೇಗ ಹೋಗಿದ್ದಳು. ತಾನೂ ಹೋದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಇರಲಿ ಅನ್ನುವುದು ಆ ಮನುಷ್ಯನ ಆಸೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಆಮೇಲೆ ಏನಾಯಿತು ಅಂತ ನೋಡಲು ಅವನು ಇರಲಿಲ್ಲ, ಅದೇ ಪುಣ್ಯ.

ಮಡಚುವ ಚಾಕು ಅಂದರೆ ನಾವೆಲ್ಲ ಅಲಗು ಅಂದುಕೊಳ್ಳುತ್ತೇವೆ. ಅಕ್ಕ ಒಪ್ಪುತ್ತಿರಲಿಲ್ಲ. "ಅಲಗು ಕೆಟ್ಟಿದ್ರೆ ಮಸೆದುಕೊಳ್ಳಬಹುದು ಕಣೇ. ಸ್ಪ್ರಿಂಗು ಕೆಟ್ಟಿದ್ರೆ ಬೆರಳು ಹೋಗುತ್ತೆ" ಅನ್ನುತ್ತಿದ್ದಳು. ಹಿಡಿಯ ಬೆನ್ನಿಗೆ ಕೂತಿರುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗು. ಅದರ ತುದಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ತೆರೆದಾಗ, ಅರ್ಧ ತೆರೆದಾಗ, ಮಡಚಿದಾಗ, ಮೂರು ಸಲವೂ ಆ ಪಟ್ಟಿ ಹಿಡಿಯ ಬೆನ್ನಿಗೆ ಸಮವಾಗಿ ನಿಲ್ಲಬೇಕು. ಕಣ್ಣು ಮುಚ್ಚಿ ಹೆಬ್ಬೆರಳು ಎಳೆದರೆ ಎಲ್ಲಿ ಸ್ಪ್ರಿಂಗು ಮುಗಿಯಿತು, ಎಲ್ಲಿ ಹಿಡಿಯೊಳಗಿನ ಹಿತ್ತಾಳೆ ತಗಡು ಶುರುವಾಯಿತು ಗೊತ್ತಾಗಬಾರದು. ಹಾಗಾಗಬೇಕಾದರೆ ತಮ್ಮ ಮಾಡಿದ ಅಲಗಿನ ಬುಡ, ಅಕ್ಕ ಮಾಡಿದ ಸ್ಪ್ರಿಂಗಿನ ತುದಿ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಇರಬೇಕು. ಅವಳು ಒಂದು ಸಲ ಅರ ಎಳೆಯುವಳು, ಜೋಡಿಸಿ ನೋಡುವಳು, ಬಿಚ್ಚುವಳು, "ಲೋ, ನಿನ್ನ ಬುಡ ಇಷ್ಟು ದಪ್ಪ ಯಾಕೋ?" ಅಂತ ಒಳಗೆ ಎಸೆಯುವಳು. ಅವನು ಉಜ್ಜಿ ವಾಪಸ್ ಕೊಡುವನು. ದಿನವಿಡೀ ಅಲಗುಗಳು ಆ ಬಾಗಿಲಲ್ಲಿ ಓಡಾಡುತ್ತಿದ್ದವು.

ಅಕ್ಕ ಮದುವೆಯಾಗಿರಲಿಲ್ಲ. ತಮ್ಮನೂ ಆಗಿರಲಿಲ್ಲ. ಅವಳನ್ನು ಕೇಳಿದರೆ, "ಮೊದಲು ಅವನಿಗೊಂದು ಆಗಲಿ" ಅನ್ನುತ್ತಿದ್ದಳು. ಅವನನ್ನು ಕೇಳಿದರೆ, "ಅಕ್ಕನಿಗೆ ಮೊದಲು" ಅನ್ನುತ್ತಿದ್ದ. ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅವಳಿಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

ಆಗ ಬಂದರು ತೋಟದವರು.

ಊರಿನ ದೊಡ್ಡ ಉದ್ಯಾನದಲ್ಲಿ ಗುಲಾಬಿ ವಿಭಾಗ ನೋಡಿಕೊಳ್ಳುತ್ತಿದ್ದ ಮನುಷ್ಯ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು. ಅವರ ಕೈಯಲ್ಲಿ ಹೊಳೆಯುವ ಹೊಸ ಚಾಕು, ಕಾರ್ಖಾನೆಯದು. ನಾನು ಅವತ್ತು ರಟ್ಟು ಕತ್ತರಿಸುವ ಚಾಕು ಮಸೆಸಿಕೊಳ್ಳಲು ಅಲ್ಲೇ ಕೂತಿದ್ದೆ.

"ಇದು ಅಲ್ಲಾಡುತ್ತೆ. ಸರಿ ಮಾಡ್ತೀರಾ?" ಅಂದರು.

ಅಕ್ಕ ಅದನ್ನು ತೆಗೆದುಕೊಂಡು ತೆರೆದಳು. ಶಬ್ದವೇ ಬರಲಿಲ್ಲ. ಕಿಟಕಿಗೆ ಹಿಡಿದು ನೋಡಿದಳು, ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕಿನ ಗೆರೆ. ಅಲಗನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದಳು. ಆಮೇಲೆ ಮಡಚಿ ಮೇಲಿನಿಂದ ಇಣುಕಿದಳು, ಅಲಗು ಒಂದು ಪಕ್ಕಕ್ಕೆ ವಾಲಿ ಹಿತ್ತಾಳೆಯನ್ನು ಗೀರಿತ್ತು.

"ಇದನ್ನ ಸರಿ ಮಾಡೋದಕ್ಕಿಂತ ಇದರ ಅಳತೆಗೆ ಹೊಸದು ಮಾಡೋದು ಸುಲಭ. ಇದು ನೋಡೋಕೆ ಮಾತ್ರ ಚಾಕು" ಅಂದಳು.

"ಅಂಗಡಿಯವರು ತುಂಬಾ ಹೊಗಳಿದ್ರು."

"ಹೊಳಪು ಚೆನ್ನಾಗಿದೆ, ಅದನ್ನ ನಾನೂ ಹೊಗಳ್ತೀನಿ. ನಿಮ್ಮ ಕೆಲಸ ಏನು?"

"ಗುಲಾಬಿಗೆ ಕಣ್ಣು ಕಸಿ ಮಾಡ್ತೀನಿ. ಒಂದು ಗಿಡದ ಚಿಗುರುಕಣ್ಣು ತೆಗೆದು ಇನ್ನೊಂದಕ್ಕೆ ಕೂರಿಸೋದು."

ಅವಳು ಮೇಜಿನ ಡ್ರಾಯರಿಗೆ ಕೈ ಹಾಕಿ ಒಂದೊಂದೇ ಚಾಕು ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದು ಒಂಟಿ ಅಲಗಿನದು. ಮರದ ಹಿಡಿ, ಅದರ ಮೂತಿಗೆ ಉದ್ದನೆಯ ಕಬ್ಬಿಣದ ಪಟ್ಟಿ. "ಇದು ಒರಟರಿಗೆ. ಪಟ್ಟಿ ಉದ್ದ ಇರೋದ್ರಿಂದ ಅಲಗು ತಿರುಗೋ ಮೊಳೆ ಸಡಿಲ ಆಗೋದು ನಿಧಾನ. ಹಗ್ಗ, ಚರ್ಮ, ಪೆಟ್ಟಿಗೆ ಏನು ಬೇಕಾದ್ರೂ ಕುಯ್ಯಿ, ಬೈದುಕೊಳ್ಳದೆ ಮಾಡುತ್ತೆ." ಎರಡನೆಯದು ತೆಳ್ಳಗಿನದು, ಎರಡು ತುದಿಗೂ ಒಂದೊಂದು ಪುಟ್ಟ ಅಲಗು. "ಇದು ಕಚೇರಿಯವರ ಚಾಕು. ಎರಡು ಅಲಗಿಗೂ ಒಂದೇ ಸ್ಪ್ರಿಂಗು. ಮಾಡೋಕೆ ಇದೇ ಕಷ್ಟ. ಒಂದಕ್ಕೆ ಸರಿ ಮಾಡಿದ್ರೆ ಇನ್ನೊಂದು ಮುನಿಸಿಕೊಳ್ಳುತ್ತೆ." ಮೂರನೆಯದು ಗಿಳಿಯ ಕೊಕ್ಕಿನಂತೆ ಬಾಗಿದ್ದು, ಕೊಂಬೆ ಸವರಲು. ನಾಲ್ಕನೆಯದಕ್ಕೆ ಸ್ಪ್ರಿಂಗೇ ಇಲ್ಲ, ಕತ್ತಿನಲ್ಲಿ ತಿರುಗುವ ಲೋಹದ ಬಳೆ. ಅಲಗು ತೆರೆದು ಬಳೆ ತಿರುವಿದರೆ ಬಿಗಿ. "ಇದು ಅಗ್ಗ, ಗಟ್ಟಿ. ಒದ್ದೆಯಾದ್ರೆ ಮರ ಉಬ್ಬಿ ಅಲಗು ಒಳಗೇ ಕೂತುಬಿಡುತ್ತೆ. ಆಮೇಲೆ ಹಲ್ಲಲ್ಲಿ ಕಚ್ಚಿ ತೆಗೀಬೇಕು."

"ನನ್ನ ಕೈ ಯಾವಾಗ್ಲೂ ಒದ್ದೆ" ಅಂದರು ಅವರು.

"ಹಾಗಾದ್ರೆ ಇದು ಬೇಡ." ಕೊನೆಯದನ್ನು ಮುಂದೆ ತಳ್ಳಿದಳು. ನೆಟ್ಟಗಿನ ಅಲಗಿನ ಕಸಿ ಚಾಕು, ಹಿಡಿಯ ಬುಡದಲ್ಲಿ ತೊಗಟೆ ಬಿಡಿಸಲು ಮೊಂಡು ನಾಲಿಗೆ. "ಇದರ ಅಲಗಿಗೆ ಒಂದೇ ಮಗ್ಗುಲಲ್ಲಿ ಸಾಣೆ. ಇನ್ನೊಂದು ಮಗ್ಗುಲು ಚಪ್ಪಟೆ. ಆಗ ಕುಯ್ದ ಗಾಯ ಕನ್ನಡಿ ಹಾಗೆ ಇರುತ್ತೆ, ಬೇಗ ಕೂಡುತ್ತೆ. ನಿಮ್ಮದು ಬಲಗೈಯೋ ಎಡಗೈಯೋ?"

"ಬಲ."

"ಎಡಗೈಯವರಿಗೆ ಸಾಣೆ ಇನ್ನೊಂದು ಮಗ್ಗುಲಿಗೆ ಹಿಡೀಬೇಕು. ಅದಕ್ಕೆ ಕೇಳಿದೆ."

ಅವರು ಅದನ್ನು ತೆರೆದರು. ಟಕ್ ಅಂತು. ಮಡಚಿದರು. ಮತ್ತೆ ತೆರೆದರು. ಸಣ್ಣ ಹುಡುಗರ ಹಾಗೆ ಎಷ್ಟು ಸಲ ಟಕ್ ಅನ್ನಿಸಿದರೋ. ಆಮೇಲೆ ನಾಚಿಕೊಂಡು, "ನನ್ನ ಇನ್ನೊಂದು ಕೈಯಲ್ಲಿ ಚಿಗುರು ಇರುತ್ತೆ, ಒಂದೇ ಕೈಲಿ ತೆರೀಬೇಕು. ಸ್ಪ್ರಿಂಗು ಸ್ವಲ್ಪ ಮೆತ್ತಗೆ ಬೇಕು" ಅಂದರು.

ಅವಳು ಮಾಡಿಕೊಟ್ಟಳು. ಅವರು ತೆಗೆದುಕೊಂಡು ಹೋದರು, ಕೆಲವೇ ದಿನದಲ್ಲಿ ವಾಪಸ್ ಬಂದರು. ಸ್ಪ್ರಿಂಗು ಸ್ವಲ್ಪ ಗಟ್ಟಿ. ಸರಿ ಮಾಡಿದಳು. ಮತ್ತೆ ಬಂದರು. ಈಗ ಸ್ವಲ್ಪ ಸಡಿಲ. ಮತ್ತೊಂದು ಸಲ ಹಿಡಿಯ ಅಂಚು ಒತ್ತುತ್ತದೆ. ಪ್ರತಿ ಸಲವೂ ಕೈಯಲ್ಲಿ ಕಾಗದ ಸುತ್ತಿದ ಒಂದು ಕಡ್ಡಿಯೋ ಸಸಿಯೋ ಇರುತ್ತಿತ್ತು. ಅಂಗಡಿಯ ಮುಂದೆ ಹಳೆಯ ಬಣ್ಣದ ಡಬ್ಬಿಗಳಲ್ಲಿ ಗುಲಾಬಿ ಗಿಡ ಸಾಲುಗಟ್ಟಿದವು.

"ಇಷ್ಟು ಸಲ ಕೆಡೋ ಚಾಕು ನೀನು ಯಾವತ್ತಕ್ಕ ಮಾಡಿದ್ದೆ?" ಅಂತ ಕೇಳಿದೆ.

"ಸುಮ್ನಿರೇ ಗೋಂದು" ಅಂದಳು. ಕಿವಿ ಕೆಂಪಾಗಿತ್ತು.

ನನಗೆ ಸುಳಿವು ಸಿಕ್ಕಿದ್ದು ಇನ್ನೊಂದು ವಿಷಯದಿಂದ. ಇಡೀ ಬೀದಿಯೇ ಅಕ್ಕ ಅನ್ನುತ್ತಿದ್ದವಳನ್ನು ಆ ಮನುಷ್ಯ ಒಂದು ದಿನವೂ ಅಕ್ಕ ಅನ್ನಲಿಲ್ಲ. "ನೋಡಿ ಇಲ್ಲಿ", "ನೀವು ಹೇಳಿದ ಹಾಗೆ", ಬರೀ ಇಷ್ಟೇ. ಕರೆಯಲೇಬೇಕಾಗಿ ಬಂದರೆ ಕೆಮ್ಮುತ್ತಿದ್ದರು. ತಮ್ಮನಿಗೂ ಇದು ಗೊತ್ತಾಗಿತ್ತು. ಅವರು ಬಂದರೆ ಸಾಣೆ ನಿಲ್ಲಿಸಿ, "ಇದ್ದಿಲು ಮುಗಿದಿದೆ, ತಂದುಬಿಡ್ತೀನಿ" ಅಂತ ಹೊರಟುಬಿಡುತ್ತಿದ್ದ. ಆ ವರ್ಷ ಅವರ ಹಿತ್ತಲಲ್ಲಿ ಬಿದ್ದಿದ್ದಷ್ಟು ಇದ್ದಿಲು ನಾನು ಎಲ್ಲೂ ನೋಡಿಲ್ಲ.

ಆ ವರ್ಷದ ಚಳಿಗಾಲದ ಕೊನೆಯಲ್ಲಿ ತೋಟದವರಿಗೆ ಬೇರೆ ಊರಲ್ಲಿ, ಗುಡ್ಡದ ಬುಡದಲ್ಲಿ, ಹೊಸ ನರ್ಸರಿ ಕಟ್ಟುವ ಕೆಲಸ ಬಂತು. ಇರಲು ಮನೆ, ಮನೆಯ ಹಿಂದೆ ಒಂದು ಶೆಡ್ಡು. ಅವರು ಬಂದು ಮೇಜಿನ ಮುಂದೆ ನಿಂತು ಅಕ್ಕನಿಗೆ ಹೇಳಿದ್ದು ನನಗೆ ಗೋಡೆಯಾಚೆಗೂ ಕೇಳಿಸಿತು. ಕೇಳಬಾರದು ಅಂತ ಗೋಂದು ಕಲಸಲು ಶುರುಮಾಡಿದೆ, ಆದರೂ ಕೇಳಿಸಿತು.

"ಆ ಶೆಡ್ಡಲ್ಲಿ ಬೆಳಕು ಚೆನ್ನಾಗಿ ಬರುತ್ತೆ. ಒಂದು ಮೇಜು ಹಾಕಬಹುದು. ವೈಸ್ ಕೂರಿಸಬಹುದು. ನಾನು ಅಳತೆ ತಗೊಂಡು ಬಂದಿದ್ದೀನಿ. ನೀವು ಬಂದ್ರೆ... ನಾವು ಮದುವೆ ಆಗಿ ಹೋಗಬಹುದು ಅಂತ."

ಅಷ್ಟು ಮಾತಾಡಲು ಅವರು ಎಷ್ಟು ದಿನ ಅಭ್ಯಾಸ ಮಾಡಿದ್ದರೋ.

ಅಕ್ಕ ಅವತ್ತು ಮಧ್ಯಾಹ್ನ ತಮ್ಮನಿಗೆ ಊಟ ಬಡಿಸುತ್ತಾ ಹೇಳಿದಳಂತೆ. ಅವನು ತುತ್ತು ಹಾಗೇ ಹಿಡಿದು ಅವಳ ಮುಖ ನೋಡಿದ. ಆಮೇಲೆ ಅವನ ಮುಖ ಅರಳಿತು. "ಹೋಗು ಅಕ್ಕ. ಹೋಗು. ನಾನೇನು ಚಿಕ್ಕ ಮಗುವಾ?" ಅಂದ. ಅವಳು ಬಂದು ನನಗೆ ಇದನ್ನೆಲ್ಲ ಹೇಳಿದಾಗ ಅವಳ ಮಾತಿಗೆ ತಲೆಬುಡ ಇರಲಿಲ್ಲ. ನಗುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಮತ್ತೆ ನಗುತ್ತಾಳೆ. ನನ್ನ ಹತ್ತಿರ ಹೊಸ ಟ್ರಂಕಿಗೆ ಒಳಗೆ ಅಂಟಿಸಲು ಹೂವಿನ ಕಾಗದ ಕೇಳಿದಳು. ನಾನು ಅಂಗಡಿಯಲ್ಲಿದ್ದ ಅತಿ ಚೆಂದದ ಹಾಳೆ ಆರಿಸಿ ಕೊಟ್ಟೆ.

ಆದರೆ ಕೆಲವು ದಿನ ಆದ ಮೇಲೆ ಅವಳು ಸಂತೆಯಿಂದ ಬೇಗ ಬಂದಳು. ತಮ್ಮ ಅವಳ ಜಾಗದಲ್ಲಿ, ಅವಳ ಮೇಜಿನ ಮುಂದೆ ಕೂತಿದ್ದ. ಕಾಲ ಬಳಿ ಮುರಿದ ಸ್ಪ್ರಿಂಗುಗಳು. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು. ಅವಳು ಹೊರಗೆ ಹೋದಾಗಲೆಲ್ಲ ಅವನು ಕಲಿಯಲು ನೋಡುತ್ತಿದ್ದ. ಸಿಕ್ಕಿಬಿದ್ದ ಕಳ್ಳನ ಹಾಗೆ ಎದ್ದು ನಿಂತು, "ನಿನ್ನ ಸ್ಪ್ರಿಂಗಿಗೆ ನನ್ನ ಕಂಡ್ರೆ ಆಗಲ್ಲಕ್ಕ" ಅಂತ ನಕ್ಕ.

ಅವಳು ಅವನ ಪಕ್ಕ ಕೂತು ಕಲಿಸಿದಳು. ಒಂದು ದಿನವಲ್ಲ, ಆ ಬೇಸಗೆ ಪೂರ್ತಿ. ತೋಟದವರಿಗೆ, "ಸ್ವಲ್ಪ ತಡೀರಿ, ಅವನ ಕೈಗೆ ಹತ್ತಲಿ" ಅಂದಳು. ಅವರು ತಡೆದರು. ಅಲಗನ್ನು ಕಾಯಿಸಿ ಅದ್ದಿ ಮತ್ತೆ ಬಿಸಿ ಮಾಡುವಾಗ ಉಕ್ಕಿಗೆ ಒಣಹುಲ್ಲಿನ ಬಣ್ಣ ಬರುತ್ತದೆ. ಅಲ್ಲಿಗೆ ಅಲಗಿನ ಹದ ಮುಗಿಯಿತು, ತಕ್ಷಣ ತೆಗೆಯಬೇಕು. ಸ್ಪ್ರಿಂಗಿಗೆ ಹಾಗಲ್ಲ. ಹುಲ್ಲಿನ ಬಣ್ಣ ದಾಟಿ, ಕಂದು ದಾಟಿ, ನೀಲಿ ಬರುವವರೆಗೆ ಬಿಡಬೇಕು. ಆಗ ಅದು ಬಾಗುತ್ತದೆ, ಮುರಿಯುವುದಿಲ್ಲ. ತಮ್ಮನದು ಹುಡುಗನಾಗಿದ್ದಾಗಿನಿಂದ ಹುಲ್ಲಿನ ಬಣ್ಣ ಕಂಡ ಕೂಡಲೇ ಇಕ್ಕಳ ಎಳೆದು ಪಳಗಿದ ಕೈ. "ಇನ್ನೂ ಬಿಡೋ, ಇನ್ನೂ ಬಿಡೋ" ಅಂತ ಅವಳು ಪಕ್ಕದಲ್ಲಿ ಹೇಳುತ್ತಿದ್ದರೂ ಅವನ ಕೈ ತಾನಾಗಿ ಎಳೆದುಬಿಡುತ್ತಿತ್ತು. ಅವಳು ಹೇಳಿದಾಗ ತಡೆದುಕೊಂಡರೆ ಈ ಸಲ ನೀಲಿಯೂ ದಾಟಿ ಬೂದಿ ಬಣ್ಣ. ಸ್ಪ್ರಿಂಗು ಸತ್ತು ಬಾಗಿಕೊಂಡು ಬಿದ್ದಿರುತ್ತಿತ್ತು. ನಡುವಿನದು ಅವನಿಗೆ ದಕ್ಕಲೇ ಇಲ್ಲ. ಜೋಡಣೆ ಮಾಡಿದರೆ ಎಡಬಲ ವಾಲುತ್ತಿತ್ತು. ಒಂದು ದಿನ ಅವನು ಮಾಡಿದ ಚಾಕು ಗಿರಾಕಿಯ ಕೈಯಲ್ಲೇ ತಟ್ಟನೆ ಮಡಚಿಕೊಂಡು ಬೆರಳು ಕುಯ್ದಿತು. ಗಿರಾಕಿ ದೊಡ್ಡ ಮನುಷ್ಯ, ಏನೂ ಅನ್ನಲಿಲ್ಲ. ತಮ್ಮ ಮಾತ್ರ ಹಿತ್ತಲಿಗೆ ಹೋಗಿ ಇದ್ದಿಲ ರಾಶಿಯ ಮೇಲೆ ಕೂತವನು ಸಂಜೆಯವರೆಗೂ ಏಳಲಿಲ್ಲ.

ಅವತ್ತೇ ಅಕ್ಕ ತೀರ್ಮಾನ ಮಾಡಿದ್ದು.

ತೋಟದವರು ಬಂದರು. ಅವಳು ಮೇಜಿನ ಹಿಂದಿನಿಂದ ಏಳದೆ ಹೇಳಿದಳು, "ನನಗೆ ಬರೋಕಾಗಲ್ಲ."

ಅವರು, "ಈಗ ಆಗಲ್ಲ ಅಂತಾನಾ, ಯಾವತ್ತೂ ಆಗಲ್ಲ ಅಂತಾನಾ?" ಅಂತ ಕೇಳಿದರು.

"ಗೊತ್ತಿಲ್ಲ" ಅಂದಳು.

ಆ ಒಂದು ಮಾತು ಎಷ್ಟು ಕೆಟ್ಟದ್ದು ನೋಡಿ. ಯಾವತ್ತೂ ಆಗಲ್ಲ ಅಂದಿದ್ದರೆ ಅವರು ಅವತ್ತೇ ದುಃಖ ಮುಗಿಸಿಕೊಳ್ಳುತ್ತಿದ್ದರೋ ಏನೋ. ಅವಳಿಗೆ ಅದು ಬಾಯಿಗೆ ಬರಲಿಲ್ಲ. ಅವರು ತಲೆ ತಗ್ಗಿಸಿ ಬಾಗಿಲು ದಾಟಿ ಹೋದರು. ಮುಂದಿನ ಎರಡು ಮಳೆಗಾಲ ಊರಿಗೆ ಬಂದಾಗ ಅಂಗಡಿಗೆ ಬಂದು, ಚಾಕು ತೋರಿಸಿ, ಟೀ ಕುಡಿದು ಹೋದರು. ಆಮೇಲೆ ಬರಲಿಲ್ಲ.

ತಮ್ಮನಿಗೆ ಅಕ್ಕ ಹೇಳಿದ್ದು ಬೇರೆ. "ಆ ಊರಿನ ಚಳಿ ನನಗೆ ಆಗಿಬರಲ್ಲ ಕಣೋ" ಅಂದಳು. ಅವನು ನಂಬಲಿಲ್ಲ. ಆದರೂ ಏನು ಹೇಳಿಯಾನು? ಅಲ್ಲಿಂದ ಮುಂದೆ ಅವನು ಅವಳ ಮುಂದೆ ದನಿ ಎತ್ತಿದವನಲ್ಲ. ಗೋಡೆಯಾಚೆ "ಅಕ್ಕಾ" ಅನ್ನುವ ಕೂಗು ಕಡಿಮೆಯಾಯಿತು. ಬೇಕಾದ ಅರವನ್ನು ತಾನೇ ಬಂದು ಹುಡುಕಿಕೊಂಡು ಹೋಗುತ್ತಿದ್ದ. ಚಾಕುಗಳು ಮಾತ್ರ ಹಿಂದೆಂದಿಗಿಂತ ಚೆನ್ನಾಗಿದ್ದವು. ನನ್ನ ಹತ್ತಿರ ಆ ಕಾಲದ್ದೊಂದು ಇದೆ, ಕೊಂಬಿನ ಹಿಡಿಯದು. ರಿವೆಟ್ ಎಲ್ಲಿದೆ ಅಂತ ಉಗುರಿಗೆ ಸಿಗುವುದಿಲ್ಲ.

ಕೆಲವು ವರ್ಷ ಕಳೆದವು. ಒಂದು ದಿನ ದೊಡ್ಡ ಚಾಕು ಕಾರ್ಖಾನೆಯವರು ಅಂಗಡಿ ಹುಡುಕಿಕೊಂಡು ಬಂದರು. ಅವರ ಸ್ಪ್ರಿಂಗು, ತಗಡು, ಹಿಡಿ ಎಲ್ಲ ಯಂತ್ರದಲ್ಲಿ ಒತ್ತಿ ಬರುತ್ತಿದ್ದವು. ಅಲಗಿನ ಹದ ಮಾತ್ರ ಕೈಕೊಡುತ್ತಿತ್ತು. ಅದನ್ನು ನೋಡಿಕೊಳ್ಳಲು ಅನುಭವಸ್ಥರು ಬೇಕಾಗಿತ್ತು. ತಮ್ಮನ ಅಲಗುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕನ ಸ್ಪ್ರಿಂಗನ್ನು ಅವರಲ್ಲೊಬ್ಬ ಟಕ್ ಅನ್ನಿಸಿ, "ಭಾಳ ಚೆನ್ನಾಗಿದೆಯಮ್ಮ" ಅಂದು ಕೆಳಗಿಟ್ಟ, ಅಷ್ಟೇ.

ತಮ್ಮ ಅವಳಿಗೆ ಹೇಳಿದ್ದು ಎಲ್ಲ ನಿಶ್ಚಯ ಆದ ಮೇಲೆ. ನಾನು ಅಲ್ಲೇ ಇದ್ದೆ, ಮೂವರೂ ಟೀ ಕುಡಿಯುತ್ತಿದ್ದೆವು.

"ಅಕ್ಕ, ನಾನು ಕಾರ್ಖಾನೆಗೆ ಹೋಗ್ತೀನಿ. ಒಪ್ಪಿಕೊಂಡುಬಿಟ್ಟೆ."

"ನಾನು?" ಅಂದಳು.

"ನಿನಗೆ ಸಾಕಾಗಿಲ್ವಾ? ನನಗೋಸ್ಕರ ಎಷ್ಟು ವರ್ಷ ಈ ಮೇಜಿಗೆ ಅಂಟಿಕೊಂಡು ಕೂತಿರ್ತೀಯ? ನಾನು ಹೋದ್ರೆ ನೀನು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಅಲ್ಲಿಗೂ ಹೋಗಬಹುದು."

ಅಲ್ಲಿಗೆ ಅಂದರೆ ಎಲ್ಲಿಗೆ ಅಂತ ಮೂವರಿಗೂ ಗೊತ್ತಿತ್ತು.

ಅಕ್ಕ ಲೋಟ ಕೆಳಗಿಟ್ಟಳು. "ಇದನ್ನ ಆಗ ಹೇಳಬೇಕಿತ್ತು ಕಣೋ."

"ಆಗ್ಲೂ ಹೋಗು ಅಂದಿದ್ದೆ. ನಾನು ಬೇಡ ಅಂದಿದ್ನಾ?"

ಅವನು ಬೇಡ ಅಂದಿರಲಿಲ್ಲ, ನಿಜ. ಆ ಬೇಸಗೆಯಲ್ಲಿ ಅವನ ಗಾಯದ ಹೆಬ್ಬೆರಳು ಕಂಡು ಉಳಿದುಕೊಂಡವಳು ಅವಳೇ, ಇರು ಅಂತ ಅವನು ಕೇಳಿರಲಿಲ್ಲ. ಆದರೂ ಆ ಮಾತು ಅವನ ಬಾಯಿಂದ ಬಂದಾಗ ಅವಳ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಅವನಿಗೂ ತಾನೇನೋ ತಪ್ಪಾಗಿ ಅಂದೆ ಅನ್ನಿಸಿ, ಗಾಬರಿಯಾಗಿ, ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅವಳ ಕಡೆ ತಳ್ಳಿದ. ಅವಳು ಅದನ್ನು ತಿಂದಳು.

ಅವನು ಹೋದ. ಅಂಗಡಿ ಬಿಟ್ಟುಕೊಟ್ಟರು. ಅಕ್ಕ ನನ್ನ ಅಂಗಡಿಯ ಮೇಲಿನ ಮಹಡಿ ಕೋಣೆಗೆ ಬಂದಳು.

ಒಂದೆರಡು ತಿಂಗಳು ಸುಮ್ಮನಿದ್ದು, ಒಂದು ಬೆಳಗ್ಗೆ ತಲೆ ಬಾಚಿಕೊಂಡು ಕೆಳಗೆ ಬಂದವಳು, "ಗೋಂದು, ನನ್ನ ಜೊತೆ ಬರ್ತೀಯಾ?" ಅಂದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಸೆರಗಿನ ತುದಿಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು. "ನನ್ನ ಕೂದಲು ಪೂರ್ತಿ ಬೆಳ್ಳಗೆ ಕಾಣುತ್ತಾ?" ಅಂತ ಒಂದು ಸಲ ಕೇಳಿದಳು. ಇಲ್ಲ ಅಂದೆ.

ನರ್ಸರಿ ದೊಡ್ಡದಾಗಿ ಬೆಳೆದಿತ್ತು. ಸಾಲು ಸಾಲು ಕುಂಡಗಳು, ನೆರಳಿನ ಬಲೆಯ ಕೆಳಗೆ ಸಸಿಗಳು. ಒಬ್ಬ ಹೆಂಗಸು ಮೋಟು ಮಣೆಯ ಮೇಲೆ ಕೂತು ಕಸಿ ಮಾಡುತ್ತಿದ್ದಳು. ನಮ್ಮನ್ನು ಗಿರಾಕಿಗಳು ಅಂದುಕೊಂಡು ಎದ್ದು ಬಂದಳು. ದುಂಡು ಮುಖ, ಮಾತುಗಾತಿ. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಅವಳ ಕಡೆ ತೋರಿಸುತ್ತಾ, "ನಾವು ಚಾಕು ಅಂಗಡಿ ಬೀದಿಯವರು" ಅಂದುಬಿಟ್ಟೆ.

"ಅಯ್ಯೋ, ನೀವಾ!" ಅಂತ ಅವಳು ಅಕ್ಕನ ಕೈಯನ್ನೇ ಹಿಡಿದುಕೊಂಡಳು. "ನಮ್ಮೋರು ನಿಮ್ಮ ಕೆಲಸದ ಬಗ್ಗೆ ಎಷ್ಟು ಹೇಳ್ತಾರೆ! ಬನ್ನಿ, ಕೂತ್ಕೊಳ್ಳಿ. ಮದುವೆ ಆದ ಹೊಸದ್ರಲ್ಲಿ ನಾನೂ ಕಸಿ ಕಲೀತೀನಿ ಅಂದೆ. ಬೇರೆ ಯಾವ ಚಾಕೂ ಬೇಡ ಅಂತ ಇದನ್ನೇ ಕೊಟ್ಟರು."

ಅವಳು ಸೊಂಟದಿಂದ ಚಾಕು ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. ಎಡಗೈಯಿಂದ.

ಅಕ್ಕ ಅದನ್ನು ತೆರೆದಳು. ಟಕ್ ಅಂತು, ಹಾಗೇ ಇತ್ತು. ಬೆನ್ನಿನ ಮೇಲೆ ಹೆಬ್ಬೆರಳು ಎಳೆದಳು. ಆಮೇಲೆ ಅಲಗನ್ನು ಬೆಳಕಿಗೆ ತಿರುಗಿಸಿದಳು. ತಮ್ಮ ಬಲಗೈಗೆಂದು ಒಂದೇ ಮಗ್ಗುಲಿಗೆ ಹಿಡಿದಿದ್ದ ಸಾಣೆ ಈಗ ಇರಲಿಲ್ಲ. ಆ ಮಗ್ಗುಲನ್ನು ತಾಳ್ಮೆಯಿಂದ ಉಜ್ಜಿ ಉಜ್ಜಿ ಚಪ್ಪಟೆ ಮಾಡಿ, ಇನ್ನೊಂದು ಮಗ್ಗುಲಲ್ಲಿ ಹೊಸ ಸಾಣೆ ಎಬ್ಬಿಸಿದ್ದರು. ಅಲಗು ಅರ್ಧಕ್ಕರ್ಧ ಸಣ್ಣಗಾಗಿತ್ತು. ಕಲ್ಲಿನ ಮೇಲೆ ಕೈಯಲ್ಲೇ ಮಾಡಿದ ಕೆಲಸ ಅದು. ಹಾಗೆ ತಿರುಗಿಸಲು ತಿಂಗಳುಗಟ್ಟಲೆ ಬೇಕು. ಪ್ರೀತಿ ಇಲ್ಲದವರು ಅಷ್ಟು ಹೊತ್ತು ಉಜ್ಜುವುದಿಲ್ಲ, ಹೊಸ ಚಾಕು ತಂದುಕೊಡುತ್ತಾರೆ. ಅಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಡಗೈಗೆ ಚೆನ್ನಾಗಿ ಹೊಂದಿಸಿದ್ದಾರೆ" ಅಂದಳು.

"ಅಲ್ವಾ!" ಅಂದಳು ಆ ಹೆಂಗಸು ಹೆಮ್ಮೆಯಿಂದ.

ತೋಟದವರು ಬಲೆಯಾಚೆಯಿಂದ ಬಂದರು. ಕೈತುಂಬ ಮಣ್ಣು. ಅಕ್ಕನನ್ನು ನೋಡಿ ಹಾಗೇ ನಿಂತರು. "ಬಂದ್ರಾ" ಅಂದರು.

"ಹೀಗೇ ಈ ಕಡೆ ಬಂದಿದ್ವಿ" ಅಂದಳು ಅಕ್ಕ.

"ತಮ್ಮ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ದೊಡ್ಡ ಕಾರ್ಖಾನೆಗೆ ಸೇರಿದ್ದಾನೆ."

ಆಗ ಅವರಿಗೆ ಅವಳು ಯಾಕೆ ಬಂದಿದ್ದಳು ಅನ್ನುವುದು ಗೊತ್ತಾಯಿತು. ಅವರ ಮುಖ ನೋಡಿದೆ, ನೋಡಬಾರದಿತ್ತು. ಹೆಂಡತಿ ಟೀ ತಂದಳು. ಕುಡಿದೆವು. ಹೊರಡುವಾಗ ಅವರು ಬೇಲಿಯವರೆಗೆ ಬಂದರು. ಏನೋ ಹೇಳಲು ಹೋದರು, ಕೆಮ್ಮಿದರು. ಆಮೇಲೆ ನಿಧಾನವಾಗಿ, "ಜೋಪಾನವಾಗಿ ಹೋಗಿ ಬನ್ನಿ ಅಕ್ಕ" ಅಂದರು.

ಮೊದಲ ಸಲ ಅಂದಿದ್ದು. ಅಕ್ಕ ತಲೆಯಾಡಿಸಿದಳು.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಊರು ಹತ್ತಿರ ಬಂದಾಗ, "ಅದರ ಒಂದು ರಿವೆಟ್ ಒಂಚೂರು ಎದ್ದಿದೆ. ಹೇಳೋಕೆ ಮರೆತೆ ನೋಡು" ಅಂದಳು.

ಕಾರ್ಖಾನೆಯಲ್ಲಿ ತಮ್ಮನಿಗೆ ಹದ ನೋಡುವ ಕೆಲಸದ ಜೊತೆಗೆ ಸಾಣೆಯ ಕೆಲಸವೂ ಬಿತ್ತು. ಅಲ್ಲಿ ನೀರು ಹಾಕದೆ ಒಣ ಸಾಣೆ ಹಿಡಿಯುತ್ತಿದ್ದರು, ಬೇಗ ಆಗಲಿ ಅಂತ. ಆ ದೂಳು ಅವನ ಎದೆಯಲ್ಲಿ ಕೂತಿತು. ಕೆಲವು ವರ್ಷಕ್ಕೆ ಕೆಲಸ ಬಿಟ್ಟು ವಾಪಸ್ ಬಂದಾಗ ಅವನು ಮಹಡಿ ಮೆಟ್ಟಿಲು ಹತ್ತಲು ನಡುವೆ ಎರಡು ಕಡೆ ಕೂತ. ಅಕ್ಕ ಅವನನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದಳು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಮಾತ್ರ ಉಸಿರು. ಬಿಸಿನೀರು, ಔಷಧಿ, ಬಟ್ಟೆ, ಎಲ್ಲ ಅವಳೇ. ನನ್ನ ಅಂಗಡಿಯಲ್ಲಿ ಪುಸ್ತಕಗಳ ಬೆನ್ನು ಹೊಲಿಯುವ ಕೆಲಸ ಮಾಡುತ್ತಾ, ಮೇಲೆ ಕೆಮ್ಮು ಕೇಳಿದರೆ ಸೂಜಿ ಬಿಟ್ಟು ಓಡುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಅವನು ಅವಳನ್ನು ಕೇಳುತ್ತಿದ್ದ. ಒಂದೊಂದು ಪದಕ್ಕೆ ಒಂದೊಂದು ಉಸಿರು.

"ಅಕ್ಕ. ನಿಜ ಹೇಳು. ನನ್ನಿಂದ ತಾನೇ ನೀನು ಹೋಗಲಿಲ್ಲ?"

ಅವಳು ಅವನ ಕಾಲಿಗೆ ಹೊದಿಕೆ ಸರಿ ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿನಗೆ ಇನ್ನೂ ಅದೇ ಹುಚ್ಚಾ? ನನಗೆ ಆ ಮನುಷ್ಯನ ಮೇಲೆ ಅಷ್ಟೊಂದು ಮನಸ್ಸೇ ಇರಲಿಲ್ಲ ಕಣೋ. ಒಳ್ಳೆಯವರು, ಅಷ್ಟೇ. ನಿನ್ನ ನೆಪ ಹೇಳಿ ತಪ್ಪಿಸಿಕೊಂಡೆ. ಬೇಕಾದ್ರೆ ಗೋಂದನ್ನ ಕೇಳು."

ಅವನು ನನ್ನ ಕಡೆ ನೋಡಿದ. ಆ ಕಣ್ಣು ಈಗಲೂ ನನಗೆ ಮರೆಯುವುದಿಲ್ಲ.

"ಹೌದಪ್ಪ. ಅವರ ಕೆಮ್ಮು ಕಂಡ್ರೆ ಇವಳಿಗೆ ಆಗ್ತಿರಲಿಲ್ಲ" ಅಂದೆ.

ಅವನಿಗೆ ನಗು ಬಂತು. ನಗಲು ಉಸಿರು ಸಾಲದೆ ಕೆಮ್ಮಿದ. ಅಕ್ಕ ಬೆನ್ನು ತಟ್ಟಿದಳು. ಅವನ ಮುಖ ಎಷ್ಟು ಹಗುರವಾಗಿತ್ತು ಅಂದರೆ ಅವತ್ತು ಗಂಜಿ ಪೂರ್ತಿ ಕುಡಿದ. ಅದಾದ ಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ. ಹೋಗುವ ಬೆಳಗ್ಗೆ ಕೂಡ ಅವಳ ಮಣಿಕಟ್ಟು ಹಿಡಿದುಕೊಂಡೇ ಇದ್ದ. ಕೈ ಬಿಡಿಸಿದ್ದು ನಾನು.

ಎಲ್ಲರೂ ಹೊರಟುಹೋದ ಮೇಲೆ ನಾವಿಬ್ಬರೇ ಉಳಿದೆವು. ಅವಳು ಮಂಚದ ಮೇಲಿನ ಹಾಸಿಗೆ ಮಡಚುತ್ತಿದ್ದಳು. ನನಗೆ ತಡೆಯಲಾಗದೆ ಕೇಳಿದೆ, "ಅವರ ಮೇಲೆ ಮನಸ್ಸಿರಲಿಲ್ಲ ಅಂತ ಹೇಗಕ್ಕ ಅಂದೆ ನೀನು?"

"ಅವನು ನೆಮ್ಮದಿಯಾಗಿ ಹೋಗಲಿ ಅಂತ" ಅಂದಳು. ಹಾಸಿಗೆಗೆ ಕೊನೆಯ ಮಡಿಕೆ ಹಾಕಿ, "ಆದ್ರೆ ಬಾಯಿ ಬಿಟ್ಟು ಹೇಳಿದ ಮೇಲೆ ಅದು ಒಂಥರಾ ನಿಜ ಆಗಿಬಿಟ್ಟಿದೆ ಕಣೇ. ಈಗ ಆ ಮನುಷ್ಯನನ್ನ ನೆನೆಸಿಕೊಳ್ಳೋಕೂ ನನಗೆ ಹಕ್ಕಿಲ್ಲ ಅನ್ಸುತ್ತೆ" ಅಂದಳು. ಆಗ ಅತ್ತಳು. ಮಡಚಿದ ಹಾಸಿಗೆಯ ಮೇಲೆ ಮುಖ ಇಟ್ಟು, ದನಿಯೆತ್ತಿ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಈಗಲೂ ಮಹಡಿಯಲ್ಲೇ ಇದ್ದಾಳೆ. ಹೆಚ್ಚಿನ ದಿನ ಬೆಳಗ್ಗೆ ಕೆಳಗೆ ಬಂದು ಪುಸ್ತಕ ಹೊಲಿಯುತ್ತಾಳೆ. ಹೊಲಿಗೆ ನನ್ನದಕ್ಕಿಂತ ಸಮ. ತಮಾಷೆಯ ಮಾತು ಕಡಿಮೆಯಾಗಿದೆ. ಕೆಲವು ದಿನ ಬರುವುದೇ ಇಲ್ಲ. ಅಂಥ ದಿನ ನಾನು ತಟ್ಟೆಗೆ ಮುಚ್ಚಳ ಮುಚ್ಚಿ ಮೇಲೆ ತೆಗೆದುಕೊಂಡು ಹೋಗುತ್ತೇನೆ. ಅವಳು ಗೋಡೆಗೆ ಒರಗಿ ಕೂತಿರುತ್ತಾಳೆ. "ಇಡು" ಅನ್ನುತ್ತಾಳೆ. ಇಡುವುದಿಲ್ಲ, ಕೈಗೇ ಕೊಡುತ್ತೇನೆ. ಅವಳು ತಿಂದು ಮುಗಿಸುವವರೆಗೂ ಅಲ್ಲೇ ಕೂತಿದ್ದು, ತಟ್ಟೆ ತೆಗೆದುಕೊಂಡು ಕೆಳಗೆ ಬರುತ್ತೇನೆ.